ಕ್ಯಾಮೆರಾದ ಮುಂದೆ ನಿಂತ ಕಲಾವಿದೆ: ಪುಷ್ಪಮಾಲಾ ಎನ್. ಅವರ ಛಾಯಾಚಿತ್ರ ಲೋಕ

ಸಮಕಾಲೀನ ಭಾರತದ ಕಲಾತ್ಮಕ ಛಾಯಾಗ್ರಹಣದ ಚರ್ಚೆ ಎಲ್ಲಿ ನಡೆದರೂ ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಆದರೂ ಅವರಿಗೆ ಖ್ಯಾತಿ ತಂದುಕೊಟ್ಟ ಚಿತ್ರಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದವರು ಬೇರೆಯವರು. ಪುಷ್ಪಮಾಲಾ ನಿಂತದ್ದು ಕ್ಯಾಮೆರಾದ ಮುಂದೆ. ಯಾವ ಚಿತ್ರ ಬೇಕೆಂದು ಮೊದಲೇ ನಿಶ್ಚಯಿಸಿ, ಅದಕ್ಕೆ ಹೊಂದುವ ಪರದೆಯನ್ನು ಬರೆಸಿ, ಉಡುಪು ಹೊಲಿಸಿ, ಒಡವೆ ಹೊಂದಿಸಿ, ಬೆಳಕು ಯಾವ ಕಡೆಯಿಂದ ಬೀಳಬೇಕೆಂಬುದನ್ನು ಛಾಯಾಗ್ರಾಹಕರೊಡನೆ ಚರ್ಚಿಸಿ ಗೊತ್ತುಮಾಡಿ, ಕೊನೆಗೆ ತಾವೇ ವೇಷ ತೊಟ್ಟು ನಿಲ್ಲುವ ಈ ಕ್ರಮವನ್ನು ಕಲಾವಲಯದಲ್ಲಿ ‘ಫೋಟೋ ಪರ್ಫಾರ್ಮೆನ್ಸ್’ ಎನ್ನುತ್ತಾರೆ. ಸಭೆಯ ಎದುರು ನಡೆಯದೆ, ಒಂದು ಸ್ಥಿರಚಿತ್ರಕ್ಕಾಗಿಯೇ, ಕ್ಯಾಮೆರಾದ ಕಣ್ಣಿಗಾಗಿಯೇ ನಡೆಯುವ ಅಭಿನಯವೆಂದು ಅದನ್ನು ವಿವರಿಸಬಹುದು. ಇಂಥ ಚಿತ್ರದ ಕರ್ತೃ ಗುಂಡಿ ಒತ್ತಿದವರೋ, ಚಿತ್ರವನ್ನು ಕಲ್ಪಿಸಿದವರೋ ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ. ಆದರೆ ಪುಷ್ಪಮಾಲಾ ಅವರ ಕಲೆ ಕೇಳುವ ಮುಖ್ಯ ಪ್ರಶ್ನೆ ಇನ್ನೊಂದಿದೆ: ಕ್ಯಾಮೆರಾ ಈ ದೇಶಕ್ಕೆ ಬಂದಾಗಿನಿಂದ ಇಲ್ಲಿನ ಹೆಣ್ಣನ್ನು ಯಾವ ಯಾವ ಮಾದರಿಗಳಲ್ಲಿ ಕೂಡಿಹಾಕಿದೆ, ಮತ್ತು ಆ ಮಾದರಿಗಳೊಳಗೆ ಜೀವಂತ ಹೆಂಗಸೊಬ್ಬಳು ತಿಳಿದೂ ತಿಳಿದೂ ಹೊಕ್ಕು ನಿಂತಾಗ ಏನಾಗುತ್ತದೆ?

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಷ್ಪಮಾಲಾ ಅವರು ಕಲಾಶಿಕ್ಷಣಕ್ಕಾಗಿ ಆರಿಸಿಕೊಂಡದ್ದು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯವನ್ನು, ಅಲ್ಲಿ ಕಲಿತದ್ದು ಶಿಲ್ಪಕಲೆಯನ್ನು. ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಬೋಧನೆ, ಚಿತ್ರಕಾರ ಭೂಪೇನ್ ಖಖ್ಖರ್ ಅವರಂಥವರ ಒಡನಾಟ ಇವುಗಳಿಂದ ಬರೋಡದಲ್ಲಿ ಆಗ ಒಂದು ವಿಶಿಷ್ಟ ವಾತಾವರಣ ರೂಪುಗೊಂಡಿತ್ತು. ಪಾಶ್ಚಾತ್ಯ ಅಮೂರ್ತ ಕಲೆಯ ಪ್ರಭಾವ ಬಲವಾಗಿದ್ದ ಕಾಲದಲ್ಲಿ ಅಲ್ಲಿನವರು ಮತ್ತೆ ಮನುಷ್ಯಾಕೃತಿಯ ಕಡೆಗೆ, ಕಥನದ ಕಡೆಗೆ, ಬೀದಿಯ ಅಂಗಡಿ ಫಲಕ ಮತ್ತು ಕ್ಯಾಲೆಂಡರ್ ಚಿತ್ರಗಳಂಥ ಜನಬಳಕೆಯ ಕಲೆಯ ಕಡೆಗೆ ಗೌರವದಿಂದ ನೋಡತೊಡಗಿದ್ದರು. ಕ್ಯಾಲೆಂಡರ್ ಚಿತ್ರವನ್ನು ಕೀಳೆಂದು ತಳ್ಳಿಹಾಕದೆ ಅದರ ಒಳಹೊಕ್ಕು ನೋಡುವ ಅಭ್ಯಾಸ ಪುಷ್ಪಮಾಲಾ ಅವರಿಗೆ ಬಂದದ್ದು ಈ ಪರಿಸರದಿಂದಲೇ ಎಂದು ಹೇಳಬೇಕಾಗುತ್ತದೆ. ಶಿಲ್ಪಿಯಾಗಿ ಅವರು ಸುಟ್ಟ ಮಣ್ಣಿನಲ್ಲಿ, ಅಂದರೆ ಟೆರಾಕೋಟಾದಲ್ಲಿ, ಹುಡುಗಿಯರ ಮತ್ತು ಹೆಂಗಸರ ಆಕೃತಿಗಳನ್ನು ಮಾಡಿದರು, ರಾಷ್ಟ್ರಮಟ್ಟದ ಮನ್ನಣೆಯನ್ನೂ ಪಡೆದರು. ಆ ದಾರಿಯಲ್ಲೇ ಮುಂದುವರಿದಿದ್ದರೆ ಅವರು ಹೆಸರಾಂತ ಶಿಲ್ಪಿಯಾಗಿಯೇ ಉಳಿಯುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು ಭಾರತದ ಅನೇಕ ಕಲಾವಿದರನ್ನು ಕದಲಿಸಿದವು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯಲ್ಲಿ ನಡೆದ ಬಾಬರಿ ಮಸೀದಿಯ ಧ್ವಂಸ, ಅದರ ಬೆನ್ನಲ್ಲೇ ಮುಂಬೈಯಲ್ಲಿ ಹರಿದ ರಕ್ತ, ಇನ್ನೊಂದು ಕಡೆ ಮಾರುಕಟ್ಟೆಯ ಬಾಗಿಲು ತೆರೆದು ಟಿ.ವಿ. ಮತ್ತು ಜಾಹೀರಾತಿನ ಬಿಂಬಗಳು ಮನೆಮನೆಗೆ ನುಗ್ಗಿದ್ದು, ಇವೆಲ್ಲದರ ನಡುವೆ ಕ್ಯಾನ್ವಾಸು ಮತ್ತು ಕಂಚಿನಷ್ಟರಿಂದಲೇ ಕಾಲಕ್ಕೆ ಉತ್ತರ ಕೊಡುವುದು ಸಾಧ್ಯವಿಲ್ಲವೆಂದು ಹಲವರಿಗೆ ಅನ್ನಿಸಿತು. ವಿವಾನ್ ಸುಂದರಂ, ನಳಿನಿ ಮಲಾನಿ ಮೊದಲಾದವರು ಇನ್‌ಸ್ಟಲೇಶನ್ ಕಲೆಯತ್ತ, ಎಂದರೆ ವಸ್ತು, ಬೆಳಕು, ಶಬ್ದ, ವಿಡಿಯೊಗಳನ್ನು ಒಂದು ಜಾಗದಲ್ಲಿ ಹೂಡಿ ಆ ಜಾಗವನ್ನೇ ಕಲಾಕೃತಿಯಾಗಿಸುವ ಕ್ರಮದತ್ತ ಹೊರಳಿದ್ದು ಇದೇ ಕಾಲದಲ್ಲಿ. ಪುಷ್ಪಮಾಲಾ ಅವರು ಆ ದಶಕದ ನಡುವಿನಲ್ಲಿ ಮಣ್ಣನ್ನು ಬಿಟ್ಟು ತಮ್ಮ ದೇಹವನ್ನೇ ಮಾಧ್ಯಮವಾಗಿ ಎತ್ತಿಕೊಂಡರು. ಇದನ್ನು ಶಿಲ್ಪಕಲೆಯಿಂದ ಛಾಯಾಗ್ರಹಣಕ್ಕೆ ಮಾಡಿದ ಜಿಗಿತವೆಂದು ವರ್ಣಿಸುವುದು ರೂಢಿಯಾದರೂ ಅವರ ಚಿತ್ರಗಳನ್ನು ಗಮನಿಸಿ ನೋಡಿದರೆ ಶಿಲ್ಪಿಯ ಕೈ ಎಲ್ಲಿಯೂ ಬಿಟ್ಟುಹೋಗಿಲ್ಲವೆಂಬುದು ತಿಳಿಯುತ್ತದೆ. ಭಂಗಿಯ ತೂಕ, ಕತ್ತಿನ ಓರೆ, ಬಟ್ಟೆಯ ನೆರಿಗೆ ಬೀಳುವ ರೀತಿ ಎಲ್ಲವೂ ತಿದ್ದಿ ತೀಡಿ ಕೂರಿಸಿದಂಥವು.

ಮೊದಲ ಮುಖ್ಯ ಕೃತಿ 1996ರಿಂದ 1998ರವರೆಗೆ ರೂಪುಗೊಂಡ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’. ಮೀನಲ್ ಅಗರ್ವಾಲ್ ಕಪ್ಪು ಬಿಳುಪಿನಲ್ಲಿ ತೆಗೆದ ಈ ಸರಣಿ ‘ಫೋಟೋ ರೊಮಾನ್ಸ್’ ಎಂಬ ಪ್ರಕಾರಕ್ಕೆ ಸೇರಿದ್ದು; ಸಿನಿಮಾದಂಥ ಕಥೆಯೊಂದನ್ನು ಸ್ಥಿರಚಿತ್ರಗಳ ಸಾಲಿನ ಮೂಲಕ ಹೇಳುವುದು ಆ ಪ್ರಕಾರದ ಲಕ್ಷಣ. ಮುಂಬೈ ನಗರದಲ್ಲಿ, ರಾತ್ರಿಯ ನೆರಳುಗಳ ನಡುವೆ ನಡೆಯುವ ಈ ಕಥೆಯಲ್ಲಿ ಮುಖವಾಡ ತೊಟ್ಟ ಸಾಹಸಿ ಹೆಣ್ಣು ಕಳೆದುಹೋದ ತನ್ನ ಅವಳಿ ಸೋದರಿಯನ್ನು ಹುಡುಕುತ್ತಾಳೆ. ಆ ಸೋದರಿ ಭೂಗತ ಲೋಕದ ‘ವ್ಯಾಂಪ್’. ಎರಡೂ ಪಾತ್ರಗಳನ್ನು ಪುಷ್ಪಮಾಲಾ ಅವರೇ ಅಭಿನಯಿಸಿದ್ದಾರೆ. ಸಾಹಸಿಯ ವೇಷದ ಹಿಂದೆ 1935ರ ‘ಹಂಟರ್‌ವಾಲಿ’ ಚಿತ್ರದಲ್ಲಿ ಚಾಟಿ ಹಿಡಿದು ಕುದುರೆಯೇರಿದ ನಾದಿಯಾ ಅವರ ನೆನಪಿದೆ. ಆಸ್ಟ್ರೇಲಿಯದಲ್ಲಿ ಹುಟ್ಟಿ, ವಾಡಿಯಾ ಮೂವಿಟೋನ್ ಸಂಸ್ಥೆಯ ಚಿತ್ರಗಳಲ್ಲಿ ಗಂಡಸರನ್ನು ಹೊಡೆದುರುಳಿಸುತ್ತಿದ್ದ ನಾದಿಯಾ ಅವರಿಗೆ ಆ ಕಾಲದ ಪ್ರೇಕ್ಷಕರು ‘ಫಿಯರ್‌ಲೆಸ್’ ಎಂಬ ಬಿರುದನ್ನು ಕಾಯಂ ಮಾಡಿದ್ದರು. ಹಿಂದಿ ಸಿನಿಮಾ ಒಳ್ಳೆಯ ಹೆಣ್ಣು ಮತ್ತು ಕೆಟ್ಟ ಹೆಣ್ಣು ಎಂದು ಎರಡು ಖಾನೆಗಳಲ್ಲಿ ಹಂಚಿಟ್ಟಿದ್ದನ್ನು ಒಂದೇ ಮುಖದಲ್ಲಿ ಕೂಡಿಸಿಟ್ಟದ್ದೇ ಈ ಸರಣಿಯ ಸಾರ್ಥಕತೆ. 2012ರಲ್ಲಿ ಫ್ಯಾಂಟಮ್ ಲೇಡಿ ಬಣ್ಣದ ಚಿತ್ರಗಳಲ್ಲಿ, ಅಷ್ಟರಲ್ಲಿ ಸಾಕಷ್ಟು ಬದಲಾಗಿದ್ದ ಮುಂಬೈಗೆ ಮರಳಿ ಬಂದಳು.

1998ರ ‘ಸುನೆಹ್ರೆ ಸಪ್ನೆ’ ಸರಣಿಯಲ್ಲಿ ಮಧ್ಯಮವರ್ಗದ ಗೃಹಿಣಿಯ ಹಗಲುಗನಸುಗಳು ವಸ್ತುವಾದವು. ಕಪ್ಪು ಬಿಳುಪಿನ ಪ್ರಿಂಟಿನ ಮೇಲೆ ಕುಂಚದಿಂದ ತೆಳುವಾಗಿ ಬಣ್ಣ ಹಚ್ಚುವ ಹಳೆಯ ವಿಧಾನವನ್ನು ಅಲ್ಲಿ ಬಳಸಲಾಗಿದೆ. ಬಣ್ಣದ ಫಿಲ್ಮು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ನಮ್ಮ ಊರುಗಳ ಸ್ಟುಡಿಯೋಗಳು ಮದುವೆಯ ಫೋಟೋಗಳ ಕೆನ್ನೆಗೆ ಗುಲಾಬಿಯನ್ನೂ ಸೀರೆಯಂಚಿಗೆ ಹೊಂಬಣ್ಣವನ್ನೂ ಹಚ್ಚುತ್ತಿದ್ದುದು ಹೀಗೆಯೇ. ಇದಾದ ಬಳಿಕ ಪುಷ್ಪಮಾಲಾ ಅವರು ಮುಂಬೈಯ ದಾದರಿನಲ್ಲಿ ಇಂಡಿಯಾ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಹಿರಿಯ ಛಾಯಾಗ್ರಾಹಕ ಜೆ.ಎಚ್. ಠಕ್ಕರ್ ಅವರ ಬಳಿಗೆ ಹೋದರು. ಹಿಂದಿ ಚಿತ್ರರಂಗದ ತಾರೆಯರ ಭಾವಚಿತ್ರಗಳನ್ನು ತೆಗೆದು ಪ್ರಸಿದ್ಧರಾಗಿದ್ದ ಠಕ್ಕರ್ ಅವರಿಗೆ ಮುಖದ ಮೇಲೆ ಬೆಳಕನ್ನು ತಿದ್ದುವ ವಿದ್ಯೆ ಕರಗತವಾಗಿತ್ತು. ಅವರು ತೆಗೆದ ‘ನವರಸ’ ಮಾಲಿಕೆಯಲ್ಲಿ ಶೃಂಗಾರದಿಂದ ಶಾಂತದವರೆಗಿನ ಒಂಬತ್ತು ರಸಗಳನ್ನು ಪುಷ್ಪಮಾಲಾ ಅಭಿನಯಿಸಿದ್ದಾರೆ, ಆದರೆ ಅಭಿನಯದ ವ್ಯಾಕರಣ ನಾಟ್ಯಶಾಸ್ತ್ರದ ಭರತನದಾಗಿರುವಷ್ಟೇ ಐವತ್ತರ ದಶಕದ ಸಿನಿಮಾದ್ದೂ ಆಗಿದೆ. ವೃದ್ಧ ಕಸುಬುದಾರನೊಬ್ಬನ ಕೈಯಲ್ಲಿ ಉಳಿದಿದ್ದ ಬೆಳಕಿನ ಜ್ಞಾನ ಮರೆಯಾಗುವ ಮೊದಲು ಅದನ್ನು ಕಲೆಯ ಇತಿಹಾಸದೊಳಗೆ ತಂದು ಸೇರಿಸಿದ್ದು ಈ ಚಿತ್ರಗಳ ದೊಡ್ಡ ಲಾಭ.

ಇಷ್ಟಾದರೂ ಅವರ ಹೆಸರು ದೇಶದ ಆಚೆಗೂ ನಿಂತದ್ದು 2000ದಿಂದ 2004ರವರೆಗೆ ನಡೆದ ‘ದಕ್ಷಿಣ ಭಾರತದ ಸ್ಥಳೀಯ ಮಹಿಳೆಯರು: ರೀತಿ ಮತ್ತು ಪದ್ಧತಿಗಳು’ ಎಂಬರ್ಥದ ಇಂಗ್ಲಿಷ್ ಶೀರ್ಷಿಕೆಯ ಯೋಜನೆಯಿಂದ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ನೆರವಿನಿಂದ ನಡೆದ ಈ ಕೆಲಸದಲ್ಲಿ ಅವರ ಜೊತೆಗಾರರಾದವರು ಬೆಂಗಳೂರಿನಲ್ಲಿಯೇ ನೆಲೆಸಿರುವ, ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ. ಶೀರ್ಷಿಕೆಯ ಧಾಟಿ ಕಲೆಯದಲ್ಲ, ಸರ್ಕಾರಿ ಗ್ರಂಥದ್ದು, ಅದು ಉದ್ದೇಶಪೂರ್ವಕ. 1857ರ ಬಂಡಾಯದ ನಂತರ ಬ್ರಿಟಿಷ್ ಆಡಳಿತ ತಾನು ಆಳುವ ಜನರನ್ನು ಜಾತಿ, ಬುಡಕಟ್ಟು, ಕಸುಬುಗಳ ಪ್ರಕಾರ ವಿಂಗಡಿಸಿ ದಾಖಲಿಸುವ ಹಟಕ್ಕೆ ಬಿದ್ದಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ನಾನೂರೈವತ್ತಕ್ಕೂ ಹೆಚ್ಚು ಛಾಯಾಚಿತ್ರಗಳಿದ್ದು, ಅನೇಕವುಗಳ ಕೆಳಗೆ ಚಿತ್ರದಲ್ಲಿರುವವರ ಹೆಸರಿನ ಬದಲು ಅವರ ಪಂಗಡದ ಹೆಸರಷ್ಟೇ ಇದೆ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಜನರ ತಲೆ ಮೂಗುಗಳ ಅಳತೆ ತೆಗೆದು, ಕೆ. ರಂಗಾಚಾರಿಯವರ ಸಹಾಯದಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳನ್ನು ಪ್ರಕಟಿಸಿದರು. ದೇಹದ ಅಳತೆಗಳಿಂದ ಮನುಷ್ಯರ ‘ಜಾತಿ ಲಕ್ಷಣ’ವನ್ನು ನಿರ್ಧರಿಸಲು ಹೊರಟ ಈ ಶಾಸ್ತ್ರವನ್ನು ಆಂತ್ರೊಪೊಮೆಟ್ರಿ ಎನ್ನುತ್ತಾರೆ. ಅಳತೆಯಿಂದ ಜಾತಿಯನ್ನು ಗುರುತಿಸುವ ಆ ಪ್ರಯತ್ನದ ವೈಜ್ಞಾನಿಕ ಬೆಲೆ ಇಂದು ಸೊನ್ನೆ. ಆದರೆ ಅದು ಬಿಟ್ಟುಹೋದ ನೋಟದ ಅಭ್ಯಾಸ ಅಷ್ಟು ಸುಲಭವಾಗಿ ಅಳಿದಿಲ್ಲ.

ಯೋಜನೆಯ ತಿರುಳು ‘ನೇಟಿವ್ ಟೈಪ್ಸ್’ ಎಂಬ ಹತ್ತು ದೊಡ್ಡ ಚಿತ್ರಗಳು. ಹತ್ತೂ ಈಗಾಗಲೇ ಇದ್ದ ಒಂದೊಂದು ಬಿಂಬದ ಮರುಸೃಷ್ಟಿ. ಚಿತ್ರಕಾರ ರಾಜಾ ರವಿವರ್ಮನ ಬೆಳದಿಂಗಳಿನ ಹೆಂಗಸು, ಅವನದೇ ಲಕ್ಷ್ಮಿ, ಕೆರೆಯಿಂದ ನೀರು ಹೊತ್ತು ಮರಳುವವಳು, ವೇಲಾಂಕಣಿಯ ಮಾತೆ ಮೇರಿ, ಆದಿಲ್‌ಶಾಹಿ ಕಾಲದ ಬಿಜಾಪುರದ ಕಿರುಚಿತ್ರದಲ್ಲಿರುವ ಯೋಗಿನಿ, ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸು, ಪೊಲೀಸರು ಬಂಧಿಸಿ ಪತ್ರಿಕೆಯವರ ಮುಂದೆ ನಿಲ್ಲಿಸಿದ ಇಬ್ಬರು ಆರೋಪಿಗಳು, ತಮಿಳು ಸಿನಿಮಾದ ಚಾಟಿಯ ನಾಯಕಿ, ಕನ್ನಡ ಸಿನಿಮಾದ ಪ್ರಣಯದೃಶ್ಯ ಇವುಗಳನ್ನು ಒಂದೇ ಗೋಡೆಯ ಮೇಲೆ ಸಾಲಾಗಿ ಇಟ್ಟಾಗ ದೇವಿ, ಸಂನ್ಯಾಸಿನಿ, ಕಳ್ಳಿ, ತಾರೆ ಎಲ್ಲರೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತಾರೆ. ಪೂಜೆಗೆ ಇಟ್ಟ ಪಟವೂ ಠಾಣೆಯಲ್ಲಿ ತೆಗೆದ ಪಟವೂ ಹೆಣ್ಣನ್ನು ನಿಲ್ಲಿಸುವ ರೀತಿಯಲ್ಲಿ ಒಂದಕ್ಕೊಂದು ಬಂಧುಗಳೆಂಬುದು ನೋಡುಗರಿಗೆ ಹೊಳೆಯುತ್ತದೆ.

ಇವುಗಳಲ್ಲಿ ಲಕ್ಷ್ಮಿಯ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರವಿವರ್ಮನು 1894ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಬಂದ ಓಲಿಯೋಗ್ರಾಫುಗಳು, ಎಂದರೆ ತೈಲವರ್ಣದ ಮೆರುಗು ಬರುವಂತೆ ಹಲವು ಬಣ್ಣದ ಕಲ್ಲಚ್ಚುಗಳಿಂದ ಮುದ್ರಿಸಿದ ಅಗ್ಗದ ಚಿತ್ರಗಳು, ದೇವರನ್ನು ಗುಡಿಯಿಂದ ಸಾಮಾನ್ಯರ ಮನೆಯ ಗೋಡೆಗೆ ತಂದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಮೂಲ ತೈಲಚಿತ್ರಗಳನ್ನು ನೋಡಿದ ಕನ್ನಡಿಗರಿಗಿಂತ ಅವನ ಲಕ್ಷ್ಮಿಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಗೂಡಿನಲ್ಲಿ ನೋಡಿದವರು ಎಷ್ಟೋ ಪಾಲು ಹೆಚ್ಚು. ಕಮಲದ ಮೇಲೆ ನಿಂತ, ನಾಲ್ಕು ಕೈಗಳ, ಹಾರ ಹಿಡಿದ ಆನೆಯ ಪಕ್ಕದ ಆ ದೇವಿಯನ್ನು ಹೆಂಗಸೊಬ್ಬಳು ಕ್ಯಾಮೆರಾದ ಮುಂದೆ ಅಭಿನಯಿಸಬೇಕಾದಾಗ ಕುಂಚಕ್ಕೆ ಇಲ್ಲದ ಕಷ್ಟಗಳೆಲ್ಲ ಎದುರಾಗುತ್ತವೆ: ಕಮಲವನ್ನು ಕಟ್ಟಬೇಕು, ನೀರನ್ನು ಪರದೆಯ ಮೇಲೆ ಬರೆಯಬೇಕು, ಇಲ್ಲದ ಎರಡು ಕೈಗಳನ್ನು ಮಾಡಿಸಬೇಕು. ಕ್ಯಾಮೆರಾ ಇದೆಲ್ಲವನ್ನೂ ಯಾವ ದಾಕ್ಷಿಣ್ಯವೂ ಇಲ್ಲದೆ ತೋರಿಸಿಬಿಡುತ್ತದೆ. ರವಿವರ್ಮನು ದೇವಿಗೆ ನಿಜದ ಹೆಂಗಸಿನ ಮೈಯನ್ನು ಕೊಟ್ಟಿದ್ದನು. ಪುಷ್ಪಮಾಲಾ ಆ ದೇವಿಯ ವೇಷವನ್ನು ನಿಜದ ಹೆಂಗಸಿನ ಮೈಮೇಲೆ ಮರಳಿ ತೊಡಿಸಿದ್ದಾರೆ, ಮತ್ತು ಆ ವೇಷ ಎಷ್ಟು ಭಾರದ್ದೆಂಬುದು ಆಗ ಕಾಣುತ್ತದೆ. ದೇವಿಯನ್ನು ಹೀಯಾಳಿಸುವ ಭಾವ ಇಲ್ಲಿ ಎಳ್ಳಷ್ಟೂ ಇಲ್ಲ. ಪರದೆಯ ಬಣ್ಣಗಾರಿಕೆಯಲ್ಲಿ, ಉಡುಪಿನ ವಿವರಗಳಲ್ಲಿ ತೋರುವ ಶ್ರದ್ಧೆ ಹಳೆಯ ನಾಟಕ ಕಂಪನಿಗಳು ಪೌರಾಣಿಕ ದೃಶ್ಯಗಳಿಗೆ ಸುರಿಯುತ್ತಿದ್ದ ಶ್ರದ್ಧೆಯ ಜಾತಿಯದೇ.

ತೋಡ ಹೆಂಗಸಿನ ಚಿತ್ರದ ಕಥೆ ಬೇರೆ. ಇದರ ಮೂಲ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದ ಅಳತೆಯ ಛಾಯಾಚಿತ್ರ. 1869ರಲ್ಲಿ ಜಾನ್ ಲ್ಯಾಂಪ್ರೆ ಎಂಬಾತ ರೇಷ್ಮೆ ದಾರಗಳಿಂದ ಎರಡೆರಡು ಅಂಗುಲದ ಚೌಕಗಳನ್ನು ಕಟ್ಟಿ, ಅದರ ಮುಂದೆ ಜನರನ್ನು ನಿಲ್ಲಿಸಿ ಫೋಟೋ ತೆಗೆಯುವ ವಿಧಾನವನ್ನು ಸೂಚಿಸಿದ್ದನು. ಚೌಕಗಳನ್ನು ಎಣಿಸಿದರೆ ದೇಹದ ಅಳತೆ ಸಿಗಬೇಕು, ಒಂದು ಜನಾಂಗವನ್ನು ಇನ್ನೊಂದರ ಜೊತೆ ಹೋಲಿಸಲು ಬರಬೇಕು ಎಂಬುದು ಲೆಕ್ಕ. ಅಂಡಮಾನಿನ ಅಧಿಕಾರಿ ಮಾರಿಸ್ ವಿಡಾಲ್ ಪೋರ್ಟ್‌ಮನ್ 1890ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಇಂಥದೇ ಚೌಕಳಿ ಪರದೆಯ ಮುಂದೆ ನಿಲ್ಲಿಸಿ ನೂರಾರು ಚಿತ್ರಗಳನ್ನು ತೆಗೆದನು. ಪುಷ್ಪಮಾಲಾ ಮತ್ತು ಆರ್ನಿ ಆ ಪರದೆಯನ್ನು ಬೆಂಗಳೂರಿನಲ್ಲಿ ಮರಳಿ ಕಟ್ಟಿದರು. ಕ್ಯಾಮೆರಾದ ಹಿಂದೆ ಬಿಳಿಯ ಹೆಂಗಸು, ಮುಂದೆ ಕಂದುಮೈಯ ಹೆಂಗಸು ಎಂಬ ವಸಾಹತು ಕಾಲದ ವಿನ್ಯಾಸ ಮೇಲ್ನೋಟಕ್ಕೆ ಹಾಗೆಯೇ ಉಳಿದಿದೆ. ಆದರೆ ಯಾವ ಚಿತ್ರ, ಯಾವ ಭಂಗಿ, ಯಾವ ಬೆಳಕು ಎಂಬ ನಿರ್ಧಾರ ಮುಂದೆ ನಿಂತವಳದು. ಯೋಜನೆಯ ಮತ್ತೊಂದು ಭಾಗವಾದ ‘ಎಥ್ನೋಗ್ರಾಫಿಕ್’ ಸರಣಿಯಲ್ಲಿ ಇದೇ ಅಳತೆಯ ನೋಟವನ್ನು ಮುಂದುವರಿಸಲಾಗಿದೆ. ‘ಪ್ರೋಸೆಸ್’ ಸರಣಿಯಲ್ಲಿ ಚಿತ್ರೀಕರಣದ ಸಿದ್ಧತೆಯೇ ಚಿತ್ರವಾಗಿದೆ: ಪರದೆ, ಲೈಟು, ಪ್ರಸಾಧನ, ಕೆಲಸಗಾರರು. ಎಲ್ಲವೂ ಸೇರಿ ಇನ್ನೂರಕ್ಕೂ ಹೆಚ್ಚು ಛಾಯಾಚಿತ್ರಗಳಾದವು.

ಇಲ್ಲಿ ಒಂದು ತಕರಾರನ್ನು ಎತ್ತಲೇಬೇಕು. ನಗರದ, ವಿದ್ಯಾವಂತ ಕಲಾವಿದೆಯೊಬ್ಬರು ತೋಡ ಹೆಂಗಸಿನ ವೇಷ ಧರಿಸಿದಾಗ ಆ ತೋಡ ಹೆಂಗಸಿಗೆ ಏನು ದೊರೆಯಿತು? ಮೂಲ ಚಿತ್ರದಲ್ಲಿ ಅವಳಿಗೆ ಹೆಸರಿರಲಿಲ್ಲ; ಮರುಸೃಷ್ಟಿಯಲ್ಲಿಯೂ ಅವಳ ಹೆಸರು ಬರಲಿಲ್ಲ, ಅವಳ ಜಾಗದಲ್ಲಿ ಬಂದದ್ದು ಕಲಾವಿದೆಯ ಹೆಸರು. ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನ ಆ ಚಿತ್ರಗಳಲ್ಲಿ ಇಲ್ಲ. ಆದರೆ ಅವು ಆ ಹೆಂಗಸಿನ ಪರವಾಗಿ ಮಾತನಾಡುವ ಹಕ್ಕನ್ನೂ ಸಾಧಿಸುವುದಿಲ್ಲ. ವೇಷ ವೇಷವಾಗಿಯೇ ಕಾಣುತ್ತದೆ. ಪುಷ್ಪಮಾಲಾ ಅವರ ಮುಖ ಹತ್ತೂ ಪಾತ್ರಗಳಲ್ಲಿ ಗುರುತು ಸಿಗುತ್ತಲೇ ಇರುತ್ತದೆ, ಯಾವ ಪಾತ್ರದಲ್ಲಿಯೂ ಅದು ಪೂರ್ತಿ ಕರಗುವುದಿಲ್ಲ. ವೇಷಕ್ಕೂ ಮೈಗೂ ನಡುವೆ ಉಳಿಯುವ ಆ ಸಂದಿನಲ್ಲಿಯೇ ಈ ಕಲೆಯ ಸತ್ಯವಿದೆ. ‘ಟೈಪು’ ಎಂದು ಹಣೆಪಟ್ಟಿ ಹಚ್ಚಿದ್ದೆಲ್ಲ ಯಾರೋ ಕಟ್ಟಿದ ಪರದೆ, ಯಾರೋ ಹೇಳಿಕೊಟ್ಟ ಭಂಗಿ ಎಂಬುದನ್ನು ಅದು ತೋರಿಸಿಕೊಡುತ್ತದೆ.

ಪುಷ್ಪಮಾಲಾ ಅವರನ್ನು ಅಮೆರಿಕದ ಸಿಂಡಿ ಶರ್ಮನ್ ಅವರೊಡನೆ ಹೋಲಿಸುವುದು ವಿಮರ್ಶಕರ ವಾಡಿಕೆ. 1977ರಿಂದ 1980ರವರೆಗೆ ಶರ್ಮನ್ ತೆಗೆದ ‘ಅನ್‌ಟೈಟಲ್ಡ್ ಫಿಲ್ಮ್ ಸ್ಟಿಲ್ಸ್’ ಚಿತ್ರಗಳಲ್ಲಿಯೂ ಕಲಾವಿದೆ ತಾನೇ ಬೇರೆ ಬೇರೆ ಸಿನಿಮಾ ಹೆಂಗಸರಾಗಿ ಕಾಣಿಸಿಕೊಳ್ಳುತ್ತಾರೆ. ಆದರೆ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಶರ್ಮನ್ ಅವರ ಚಿತ್ರಗಳು ಯಾವುದೇ ನಿರ್ದಿಷ್ಟ ಸಿನಿಮಾದ ನಕಲಲ್ಲ, ಅವರ ಕೆಲಸ ಹೆಚ್ಚಾಗಿ ಒಂಟಿ ಕೆಲಸ. ಪುಷ್ಪಮಾಲಾ ಅವರದು ಮೂಲವನ್ನು ಹೆಸರಿಸಿ ಮಾಡುವ ಮರುಸೃಷ್ಟಿ, ಮತ್ತು ಅದು ತಂಡದ ಕೆಲಸ. ಛಾಯಾಗ್ರಾಹಕರು, ಪರದೆ ಬರೆಯುವವರು, ದರ್ಜಿಗಳು, ಪಾತ್ರ ವಹಿಸುವ ಗೆಳೆಯರು ಕೂಡಿದರೆ ಮಾತ್ರ ಚಿತ್ರ. ಈ ದೃಷ್ಟಿಯಿಂದ ಅವರ ಹತ್ತಿರದ ಬಂಧು ನ್ಯೂಯಾರ್ಕಿನ ಕಲಾವಿದೆಗಿಂತ ನಮ್ಮ ಸ್ಟುಡಿಯೋ ಮತ್ತು ನಾಟಕ ಕಂಪನಿಗಳ ಪರಂಪರೆಯೇ.

ಚಲಿಸುವ ಚಿತ್ರಗಳನ್ನೂ ಅವರು ಮಾಡಿದ್ದಾರೆ. 2004ರ ‘ರಾಷ್ಟ್ರೀಯ ಖೀರ್ ಮತ್ತು ದೇಶೀಯ ಸಲಾಡ್’ ಎಂಬ ಕಿರುಚಿತ್ರಕ್ಕೆ ಆಧಾರವಾದದ್ದು ಅವರ ತಾಯಿ ಮತ್ತು ಅತ್ತೆಯವರು ಅಡುಗೆಯ ವಿಧಾನಗಳನ್ನು ಬರೆದಿಟ್ಟಿದ್ದ ಹಳೆಯ ಪುಸ್ತಕಗಳು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ರಾಷ್ಟ್ರ ಕಟ್ಟುವ ಉತ್ಸಾಹ ಅಡುಗೆಮನೆಯ ಟಿಪ್ಪಣಿಗಳವರೆಗೆ ಹೇಗೆ ಹರಿದಿತ್ತೆಂಬುದನ್ನು ಅದು ಹಿಡಿಯುತ್ತದೆ. 2006ರ ‘ಪ್ಯಾರಿಸ್ ಆಟಮ್’ ಹೆಚ್ಚಾಗಿ ಸ್ಥಿರಚಿತ್ರಗಳನ್ನೇ ಜೋಡಿಸಿ ಹೇಳಿದ ಪತ್ತೇದಾರಿ ಧಾಟಿಯ ಕಥೆ. ಫ್ರಾನ್ಸಿನ ನಾಲ್ಕನೆಯ ಹೆನ್ರಿಯ ಪ್ರೇಯಸಿಯಾಗಿದ್ದ ಗಾಬ್ರಿಯೆಲ್ ದೆಸ್ತ್ರೆಯ ಪ್ರೇತದ ಬೆನ್ನು ಹತ್ತಿ ಅದು ಸಾಗುತ್ತದೆ. ಅಡುಗೆಮನೆ ಮತ್ತೆ ಬಂದದ್ದು ನೋವಿನ ಸಂದರ್ಭದಲ್ಲಿ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ಅವರ ಮನೆಯ ಮುಂದೆಯೇ ಗುಂಡಿಕ್ಕಿ ಕೊಲ್ಲಲಾಯಿತು. ಮರುವರ್ಷ ಪುಷ್ಪಮಾಲಾ ಅವರು ರೂಪಿಸಿದ ಕೃತಿಯ ಹೆಸರು ‘ಗೌರಿ ಲಂಕೇಶರ ಅರ್ಜೆಂಟ್ ಸಾರು’. ಹತ್ಯೆಯಾದವರನ್ನು ಹುತಾತ್ಮರ ಪ್ರತಿಮೆಯಾಗಿ ಎತ್ತರದಲ್ಲಿ ಕೂರಿಸುವುದು ಎಲ್ಲರಿಗೂ ತಿಳಿದ ದಾರಿ. ಕೆಲಸದ ಗಡಿಬಿಡಿಯ ನಡುವೆ ಸಾರು ಮಾಡಿಕೊಳ್ಳುತ್ತಿದ್ದ ಒಬ್ಬ ಹೆಂಗಸಾಗಿ ಗೌರಿಯವರನ್ನು ನೆನೆದ ಈ ಕೃತಿ ಯಾವ ಪ್ರತಿಮೆಗಿಂತಲೂ ಹೆಚ್ಚಾಗಿ ಮನಸ್ಸನ್ನು ತಟ್ಟುತ್ತದೆ.

ಇತಿಹಾಸದ ದೊಡ್ಡ ಚಿತ್ರಗಳನ್ನೂ ಅವರು ಬಿಟ್ಟಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ನಾನೂರು ವರ್ಷ ತುಂಬಿದ ಹೊತ್ತಿಗೆ, 1898ರಲ್ಲಿ, ಪೋರ್ಚುಗಲ್ಲಿನ ವೆಲೋಸೊ ಸಲ್ಗಾದೊ ಎಂಬ ಚಿತ್ರಕಾರ ಗಾಮನು ಅಲ್ಲಿನ ಅರಸ ಸಾಮೂತಿರಿಯ ಆಸ್ಥಾನದಲ್ಲಿ ನಿಂತ ದೃಶ್ಯವನ್ನು ವೈಭವದಿಂದ ಬರೆದಿದ್ದನು. ಪುಷ್ಪಮಾಲಾ ಅದನ್ನು ಛಾಯಾಚಿತ್ರವಾಗಿ ಮರುಸೃಷ್ಟಿಸಿ 2014ರ ಕೊಚ್ಚಿ ಬಿನಾಲೆಯಲ್ಲಿ ತೋರಿಸಿದರು. ಗಾಮನ ಪಾತ್ರ ಅವರದೇ. ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಮೇಳ. ಗಾಮನ ಹಡಗುಗಳು ಬಂದ ಕರಾವಳಿಯಲ್ಲೇ, ಅಲ್ಲಿನ ಜನರ ಮುಂದೆಯೇ, ಆ ವಿಜಯಚಿತ್ರವನ್ನು ಹೆಂಗಸೊಬ್ಬಳು ಗಡ್ಡ ಹಚ್ಚಿಕೊಂಡು ಆಡಿ ತೋರಿಸಿದ್ದಕ್ಕೆ ಗ್ಯಾಲರಿಯ ಗೋಡೆಯಲ್ಲಿ ಸಿಗದ ಅರ್ಥ ದೊರೆಯಿತು. 2012ರ ‘ಆವೇಗ’ದಲ್ಲಿ ರಾಮಾಯಣದ ಸೀತೆ, ಕೈಕೇಯಿ, ಶೂರ್ಪನಖಿಯರಿದ್ದಾರೆ, ಭಾರತಮಾತೆಯ ಬಿಂಬವನ್ನು ಕುರಿತ ಸರಣಿ ಹಲವು ವರ್ಷಗಳಿಂದ ಬೆಳೆಯುತ್ತಲೇ ಬಂದಿದೆ.

ಕಲಾಕೃತಿಗಳ ಆಚೆಗೆ ಅವರ ಸಂಘಟನೆಯ ಕೆಲಸವೂ ಉಂಟು. ‘ಸೋಂಬೇರಿ ಕಟ್ಟೆ’ ಎಂಬ ಹೆಸರಿನ ಕಾಲ್ಪನಿಕ ಸಂಸ್ಥೆಯೊಂದನ್ನು ಹುಟ್ಟುಹಾಕಿ, ಅದರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಕಲೆಯ ಮಾತುಕತೆಗಳನ್ನೂ ಕಾರ್ಯಕ್ರಮಗಳನ್ನೂ ನಡೆಸಿದರು. ಊರ ಅರಳಿಕಟ್ಟೆಯ ಹರಟೆಗೂ ಚಿಂತನೆಗೂ ನಂಟಿದೆಯೆಂಬುದನ್ನು ಬಲ್ಲವರಿಗೆ ಆ ಹೆಸರಿನ ಆತ್ಮೀಯತೆ ಅರ್ಥವಾಗುತ್ತದೆ. 2019ರಲ್ಲಿ ನಡೆದ ಚೆನ್ನೈ ಫೋಟೋ ಬಿನಾಲೆಯ ಎರಡನೆಯ ಆವೃತ್ತಿಗೆ ಅವರು ಕಲಾನಿರ್ದೇಶಕಿಯಾಗಿದ್ದರು. ಇತ್ತೀಚಿನ ವರ್ಷಗಳಲ್ಲಿ ಅವರ ಕೈ ಮತ್ತೆ ಘನವಸ್ತುವಿನ ಕಡೆಗೆ ಹೊರಳಿದೆ: ಮರೆಯಾದ ಲಿಪಿಗಳನ್ನು ತಾಮ್ರದ ಫಲಕಗಳ ಮೇಲೆ ಕೊರೆದು ಮಾಡಿದ ಕೃತಿಗಳು ಅವರ ಹೊಸ ಕೆಲಸಗಳಲ್ಲಿ ಸೇರಿವೆ. ಅರಸರು ದಾನ ಕೊಟ್ಟದ್ದನ್ನು ತಾಮ್ರಶಾಸನಗಳಲ್ಲಿ ಬರೆಸಿದ ನಾಡಿನ ಕಲಾವಿದೆಯೊಬ್ಬರು ದಾಖಲೆ ಎಂಬುದನ್ನೇ, ಯಾರು ಬರೆಸಿದ್ದು, ಯಾರನ್ನು ಕುರಿತು ಬರೆಸಿದ್ದು ಎಂದು ಪ್ರಶ್ನಿಸುತ್ತ ಬಂದಿರುವಾಗ, ಛಾಯಾಚಿತ್ರದಿಂದ ಲಿಪಿಗೆ ಅವರ ಗಮನ ಹರಿದದ್ದು ಆ ಪ್ರಶ್ನೆಯ ಸಹಜ ಮುಂದುವರಿಕೆಯೇ ಆಗಿದೆ.